ಕ್ಲೈಂಟ್ ವೆಬ್‌ಸೈಟ್: ದಿನಗಳು ಎಲ್ಲಿ ಸೋರುತ್ತವೆ?

(ವೆಬ್‌ಸೈಟ್ ಮಾಡಿಕೊಡುವ ಸಣ್ಣ ತಂಡಗಳವರು ಮತ್ತು ಒಬ್ಬರೇ ಕೆಲಸ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ. ಸ್ಲೈಡ್‌ಗಳಲ್ಲಿ ಇದ್ದದ್ದನ್ನು ಮಾತಿನೊಳಗೇ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಹಳೇ ನೋಟ್‌ಬುಕ್‌ನಿಂದ ನಾಲ್ಕು ಸಾಲು ಓದುತ್ತೇನೆ.

"ಸೋಮವಾರ: ಹೆಡರ್, ಫುಟರ್ ಮುಗಿಯಿತು. ಮಂಗಳವಾರ: ಫೋಟೋಗಳಿಗೆ ಕಾಯುತ್ತಿದ್ದೇನೆ. ಬುಧವಾರ: ಫೋಟೋಗಳಿಗೆ ಕಾಯುತ್ತಿದ್ದೇನೆ. ಗುರುವಾರ: ಫೋಟೋ ಬಂದವು, ವಾಟ್ಸಾಪ್‌ನಲ್ಲಿ."

ನಗುತ್ತಿದ್ದೀರಿ. ಅಂದರೆ ನಿಮಗೂ ಹಾಗೇ ಬಂದಿವೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಫೋನಿನಲ್ಲಿ ನೋಡೋಕೆ ಚೆನ್ನಾಗೇ ಕಾಣುತ್ತದೆ. ಪುಟದ ಮೇಲೆ ಪೂರ್ತಿ ಅಗಲಕ್ಕೆ ಹಾಕಿದರೆ ಮಸುಕು ಮಸುಕು. "ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ" ಅಂತ ಕೇಳಬೇಕು. ಮತ್ತೆ ಎರಡು ದಿನ ಕಾಯಬೇಕು.

ಅದು ಆರು ಪುಟದ ಸಣ್ಣ ವೆಬ್‌ಸೈಟ್. ಎರಡು ವಾರ ಸಾಕು ಅಂದಿದ್ದೆ. ಹಿಡಿದದ್ದು ಹನ್ನೊಂದು ವಾರ. ಮುಗಿದ ಮೇಲೆ ಒಂದು ಸಂಜೆ ಕೂತು ಈ ನೋಟ್‌ಬುಕ್ ತಿರುವಿ ಹಾಕಿದೆ. ನಾನು ನಿಜವಾಗಿ ಕೀಬೋರ್ಡ್ ಮುಂದೆ ಕೂತು ಕೋಡ್ ಬರೆದದ್ದು ಒಂಬತ್ತು ದಿನ. ಅಂದರೆ ನಾನು ಹೇಳಿದ ಎರಡು ವಾರ ಸುಳ್ಳೇನೂ ಆಗಿರಲಿಲ್ಲ! ಉಳಿದ ದಿನಗಳು ಕಾಯುವುದರಲ್ಲಿ, ಮಾಡಿದ್ದನ್ನೇ ಮತ್ತೆ ಮಾಡುವುದರಲ್ಲಿ, ಪಾಸ್‌ವರ್ಡ್ ಹುಡುಕುವುದರಲ್ಲಿ ಹೋಗಿದ್ದವು.

ಆದರೆ ಟೈಮ್ ಉಳಿಸಬೇಕು ಅಂದ ತಕ್ಷಣ ನಾವು ಎಲ್ಲಿಗೆ ಹೋಗುತ್ತೇವೆ? ಹೊಸ ಎಡಿಟರ್, ಹೊಸ ಫ್ರೇಮ್‌ವರ್ಕ್, ಹೊಸ ಶಾರ್ಟ್‌ಕಟ್. ನಾನೂ ಹೋಗಿದ್ದೇನೆ. ಚುಟುಕು ಸಂಕೇತವನ್ನು ಪೂರ್ತಿ ಕೋಡ್ ಆಗಿ ಬಿಡಿಸುವ ಎಮ್ಮೆಟ್ ನನಗೂ ಇಷ್ಟ. ಕೆಲವೇ ಅಕ್ಷರ ಒತ್ತಿ ಟ್ಯಾಬ್ ಹೊಡೆದರೆ ಐದು ಸಾಲಿನ ಪಟ್ಟಿ ಎದ್ದು ನಿಲ್ಲುತ್ತದೆ. ಅದು ಉಳಿಸುವುದು ಸೆಕೆಂಡುಗಳನ್ನು. ನನ್ನ ಹತ್ತಿರ ಸೋರುತ್ತಿದ್ದದ್ದು ವಾರಗಳು. ಕೊಡ ತೂತಾಗಿರುವಾಗ ನಲ್ಲಿಯನ್ನು ಜೋರಾಗಿ ತಿರುಗಿಸಿ ಏನು ಬಂತು, ಅಲ್ವಾ?

ಅದಕ್ಕೇ ಇವತ್ತು ಟೂಲ್‌ಗಳ ಬಗ್ಗೆ ಕಡಿಮೆ ಮಾತಾಡುತ್ತೇನೆ. ಕೋಡ್ ಶುರುವಾಗುವ ಮುಂಚಿನ ದಿನಗಳು, ಮುಗಿದ ಮೇಲಿನ ದಿನಗಳು, ಇವುಗಳ ಬಗ್ಗೆಯೇ ಜಾಸ್ತಿ.

ಮೊದಲ ದಿನ ಕೇಳಬೇಕಾದದ್ದು

ಕೆಲಸ ಒಪ್ಪಿಕೊಂಡ ದಿನವೇ ನಾನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಡೊಮೈನ್‌ನ, ಅಂದರೆ ಸೈಟಿನ ವಿಳಾಸದ ಹೆಸರಿನ, ಲಾಗಿನ್ ಯಾರ ಹತ್ತಿರ ಇದೆ? ಹತ್ತರಲ್ಲಿ ಒಬ್ಬರೂ ಥಟ್ ಅಂತ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ. "ಹಿಂದೆ ಸೈಟ್ ಮಾಡಿದ್ದ ಹುಡುಗನ ಹತ್ತಿರ ಇರಬೇಕು." "ನಮ್ಮಲ್ಲಿ ಕೆಲಸ ಬಿಟ್ಟು ಹೋದವರ ಮೇಲ್‌ನಲ್ಲಿ ಮಾಡಿಸಿದ್ದೆವು." ಇದು ಸೈಟ್ ಲೈವ್ ಮಾಡುವ ದಿನ ಗೊತ್ತಾದರೆ ಗತಿ ಏನು? ಬಿಟ್ಟು ಹೋದವರನ್ನು ಹುಡುಕಬೇಕು. ಅವರ ಹಳೇ ಮೇಲ್‌ಗೆ ಬರುವ ಓಟಿಪಿ ಕೇಳಬೇಕು. ಡೊಮೈನ್ ನೋಂದಾಯಿಸಿದ ಕಂಪನಿಗೆ, ಅಂದರೆ ರಿಜಿಸ್ಟ್ರಾರ್‌ಗೆ, ದಾಖಲೆ ಕಳಿಸಬೇಕು. ಡೊಮೈನನ್ನು ಬೇರೆ ಕಂಪನಿಗೆ ವರ್ಗಾಯಿಸಬೇಕಾಗಿ ಬಂದರೆ, ಎಲ್ಲ ಸರಿಯಿದ್ದರೂ ಹಳೇ ಕಂಪನಿ ಐದು ದಿನದವರೆಗೆ ತಡೆದಿಟ್ಟುಕೊಳ್ಳಬಹುದು. ಇವೆಲ್ಲ ತಪ್ಪಿಸಿಕೊಳ್ಳಲಾಗದ ಕಾಯುವಿಕೆ. ಆದರೆ ಮೊದಲ ದಿನವೇ ಶುರು ಮಾಡಿದರೆ ಅದು ನಿಮ್ಮ ಕೆಲಸದ ಜೊತೆಜೊತೆಗೇ ನಡೆಯುತ್ತದೆ. ಕೊನೆಯ ದಿನ ಶುರು ಮಾಡಿದರೆ ನೀವು ಕೈಕಟ್ಟಿ ಕೂರಬೇಕು.

ಡೊಮೈನ್ ಯಾವಾಗಲೂ ಕ್ಲೈಂಟ್ ಹೆಸರಿನಲ್ಲೇ, ಅವರ ಮೇಲ್‌ನಲ್ಲೇ ಇರಲಿ. "ನಾನೇ ನೋಡ್ಕೊಳ್ತೀನಿ ಬಿಡಿ" ಅಂತ ನಿಮ್ಮ ಹೆಸರಿಗೆ ಹಾಕಿಕೊಳ್ಳಬೇಡಿ. ಉಪಕಾರ ಮಾಡಿದ ಹಾಗೆ ಅನಿಸುತ್ತದೆ. ಆಮೇಲೆ ಪ್ರತಿ ವರ್ಷ ರಿನ್ಯೂವಲ್ ನೆನಪಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಕೊಟೇಶನ್‌ನಲ್ಲಿ ಏನು ಮಾಡಿಕೊಡುತ್ತೇವೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ಅದರ ಕೆಳಗೆ "ಇದರಲ್ಲಿ ಇಲ್ಲದ್ದು" ಅಂತ ಒಂದು ಪಟ್ಟಿ ಹಾಕುತ್ತೇನೆ. ಎರಡನೇ ಭಾಷೆ ಇಲ್ಲ. ಆನ್‌ಲೈನ್ ಪೇಮೆಂಟ್ ಇಲ್ಲ. ಹಳೇ ಸೈಟಿನ ಲೇಖನಗಳನ್ನು ತಂದು ಹಾಕುವುದಿಲ್ಲ. ಯಾರಿಗೂ ಬೇಜಾರಾಗಿಲ್ಲ. ಕೆಲವರು "ಅಯ್ಯೋ, ಎರಡನೇ ಭಾಷೆ ಬೇಕಲ್ಲ" ಅಂತ ಅಲ್ಲೇ ಹೇಳುತ್ತಾರೆ. ಅಲ್ಲೇ ಹೇಳುವುದು ಒಳ್ಳೆಯದು. ಎಲ್ಲ ಮುಗಿದ ಮೇಲೆ ಇನ್ನೊಂದು ಭಾಷೆ ಸೇರಿಸುವುದು ಅಂದರೆ ಮೆನುವಿನಿಂದ ಹಿಡಿದು ಫಾರ್ಮ್‌ನ ಎರರ್ ಮೆಸೇಜ್‌ವರೆಗೆ ಮತ್ತೆ ಕೈ ಹಾಕಬೇಕು.

ಬರಹ ಬಾರದೆ ಡಿಸೈನ್ ಇಲ್ಲ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾವೆಲ್ಲ ನಿಜವಾದ ಬರಹದ ಬದಲು ಲೋರೆಮ್ ಇಪ್ಸಮ್ ಹಾಕಿ ಡಿಸೈನ್ ಮಾಡುತ್ತೇವೆ. ಕ್ರಿಸ್ತಪೂರ್ವ 45ರಲ್ಲಿ ಸಿಸೆರೊ ಬರೆದ ಲ್ಯಾಟಿನ್ ಬರಹವನ್ನು ಅಲ್ಲಲ್ಲಿ ಮುರಿದು, ಅರ್ಥ ಬಾರದ ಹಾಗೆ ಮಾಡಿದ ಸಾಲುಗಳು ಅವು. ಅರ್ಥ ಇಲ್ಲದಿರುವುದು ತೊಂದರೆ ಅಲ್ಲ. ಅದನ್ನು ನಮಗೆ ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು ಅನ್ನುವುದೇ ತೊಂದರೆ. ಮೂರು ಬಾಕ್ಸ್, ಮೂರರಲ್ಲೂ ಮೂರು ಮೂರು ಸಾಲು, ಏನು ಚೆಂದ! ಆಮೇಲೆ ಕ್ಲೈಂಟ್ ಬರಹ ಕಳಿಸುತ್ತಾರೆ. ಮೊದಲ ಬಾಕ್ಸ್‌ಗೆ ಒಂದು ಸಾಲು. ಎರಡನೆಯದಕ್ಕೆ ಒಂಬತ್ತು ಪ್ಯಾರಾ. ಮೂರನೆಯದು "ಆಮೇಲೆ ಹೇಳ್ತೀನಿ". ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದದ್ದು ನಾವೇ. ಈಗ ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು.

ಹಾಗಾದರೆ ಬರಹ ಮೊದಲೇ ಕೊಡಿ ಅಂತ ಕೇಳಿದರೆ? ಕೇಳಿ ನೋಡಿದ್ದೇನೆ. ಬರುವುದಿಲ್ಲ. ಅವರು ಸೋಮಾರಿಗಳಲ್ಲ. ತಮ್ಮ ಬಗ್ಗೆ ತಾವೇ ಬರೆಯುವುದು ಯಾರಿಗೂ ಕಷ್ಟ. "ನಮ್ಮ ಬಗ್ಗೆ" ಪುಟಕ್ಕೆ 300 ಪದ ಬರೆಯಿರಿ ಅಂದರೆ ನನಗೇ ಕೈ ಓಡುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ನಲವತ್ತು ನಿಮಿಷದ ಒಂದು ಕಾಲ್. ಅವರ ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಕೇಳುವ ಪ್ರಶ್ನೆಗಳು ತುಂಬ ಸಾದಾ. ನಿಮಗೆ ಫೋನ್ ಮಾಡುವವರು ಮೊದಲು ಏನು ಕೇಳುತ್ತಾರೆ? ಯಾವ ಕೆಲಸ ಬಂದರೆ ನೀವು ಬೇಡ ಅನ್ನುತ್ತೀರಿ? ಕೆಲಸ ಕೊಡುವ ಮುಂಚೆ ಜನ ಯಾವುದಕ್ಕೆ ಹೆದರುತ್ತಾರೆ? ಇದಕ್ಕೆ ಅವರು ತಡವರಿಸುವುದೇ ಇಲ್ಲ. ದಿನಾ ಹೇಳಿ ಹೇಳಿ ಬಾಯಿಪಾಠ ಆಗಿರುತ್ತದೆ. ಆ ರೆಕಾರ್ಡಿಂಗ್ ಇಟ್ಟುಕೊಂಡು ಪುಟಗಳ ಬರಹವನ್ನು ನಾನೇ ಬರೆಯುತ್ತೇನೆ. ಆರು ಪುಟಕ್ಕೆ ಒಂದು ದಿನ ಹಿಡಿಯುತ್ತದೆ. ಆಮೇಲೆ ಹಂಚಿಕೊಂಡ ಒಂದೇ ಡಾಕ್ಯುಮೆಂಟ್‌ನಲ್ಲಿ ಹಾಕಿ ಕಳಿಸುತ್ತೇನೆ.

ಇಲ್ಲಿ ಒಂದು ತಮಾಷೆ ಗಮನಿಸಿದ್ದೇನೆ. ಖಾಲಿ ಹಾಳೆ ಕೊಟ್ಟರೆ ತಿಂಗಳಾದರೂ ಒಂದು ಅಕ್ಷರ ಬರೆಯದವರು, ತಪ್ಪಿರುವ ಹಾಳೆ ಕೊಟ್ಟರೆ ಅದೇ ರಾತ್ರಿ ತಿದ್ದಿ ಕಳಿಸುತ್ತಾರೆ. "ನಾವು ಹಾಗೆ ಹೇಳೋದಿಲ್ಲ, ಹೀಗೆ ಹೇಳ್ತೀವಿ" ಅಂತ ಕೆಂಪಕ್ಷರದಲ್ಲಿ ಬರುತ್ತದೆ. ನನಗೆ ಬೇಕಾಗಿದ್ದದ್ದೂ ಅದೇ.

ಬರೆಯುವ ಈ ದಿನಕ್ಕೂ ದುಡ್ಡು ಹಾಕಿ. ಸುಮ್ನೆ ಮಾಡಿಕೊಡಬೇಡಿ.

ಫೋಟೋ ವಿಷಯಕ್ಕೂ ಇಲ್ಲೇ ಬರುತ್ತೇನೆ. ಒಂದು ಸಲ ಸಿಬ್ಬಂದಿ ಪುಟಕ್ಕೆ ಹದಿನಾಲ್ಕು ಫೋಟೋ ಬಂದವು. ಕೆಲವು ಉದ್ದ, ಕೆಲವು ಅಡ್ಡ, ಒಂದರಲ್ಲಿ ಪಕ್ಕದವರ ಭುಜವೂ ಇತ್ತು. ಮೊದಲೆಲ್ಲ ನಾನು ಒಂದೊಂದನ್ನೂ ಫೋಟೋಶಾಪ್‌ನಲ್ಲಿ ಚೌಕಕ್ಕೆ ಕತ್ತರಿಸುತ್ತಿದ್ದೆ. ಮೂರು ಜನ ಫೋಟೋ ಬದಲಾಯಿಸಿದರೆ ಮತ್ತೆ ಅದೇ ಕೆಲಸ. ಈಗ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಎರಡೇ ಸಾಲು. ಆಸ್ಪೆಕ್ಟ್ ರೇಶಿಯೋ ಒಂದಕ್ಕೊಂದು, ಆಬ್ಜೆಕ್ಟ್ ಫಿಟ್ ಕವರ್. ಯಾವ ಆಕಾರದ ಫೋಟೋ ಬಂದರೂ ಚೌಕದಲ್ಲಿ ಕೂರುತ್ತದೆ. ಯಾರದಾದರೂ ತಲೆ ಕತ್ತರಿಸಿ ಹೋದರೆ ಆಬ್ಜೆಕ್ಟ್ ಪೊಸಿಶನ್ ಟಾಪ್ ಅಂತ ಒಂದು ಸಾಲು ಸೇರಿಸಿದರೆ ಆಯಿತು. ದೊಡ್ಡ ಫೈಲ್‌ಗಳನ್ನು ಕುಗ್ಗಿಸಿ ವೆಬ್‌ಪಿ ಅನ್ನುವ ಹಗುರ ಫೈಲ್ ರೂಪಕ್ಕೆ ತಿರುಗಿಸುವ ಕೆಲಸಕ್ಕೆ ಒಂದು ಸ್ಕ್ರಿಪ್ಟ್ ಇದೆ. ಫೋಲ್ಡರ್‌ಗೆ ಹಾಕಿ ಓಡಿಸುತ್ತೇನೆ. ಫೋನಿನ ಫೋಟೋ 4000 ಪಿಕ್ಸೆಲ್ ಅಗಲ ಇರುತ್ತದೆ. ಪುಟಕ್ಕೆ ಬಹಳಷ್ಟು ಕಡೆ 1600 ಸಾಕು.

ಹೋಮ್ ಪೇಜ್ ಕೊನೆಗಿರಲಿ

ಬಹಳ ಜನ ಇದನ್ನು ಒಪ್ಪುವುದಿಲ್ಲ. ಆದರೂ ಹೇಳುತ್ತೇನೆ. ಹೋಮ್ ಪೇಜ್‌ನಿಂದ ಶುರು ಮಾಡಬೇಡಿ.

ಹೋಮ್ ಪೇಜ್ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ. ಮಾಲೀಕರಿಗೆ, ಪಾಲುದಾರರಿಗೆ, ಅವರ ಮನೆಯವರಿಗೆ. ಒಬ್ಬರಿಗೆ ಸ್ಲೈಡರ್ ಬೇಕು, ಇನ್ನೊಬ್ಬರಿಗೆ ವಿಡಿಯೋ. ಎತ್ತು ಏರಿಗೆ, ಕೋಣ ನೀರಿಗೆ. ಮೂರು ವಾರ ಅಲ್ಲೇ ಕಳೆಯುತ್ತದೆ. ಅದೇ ಒಳಗಿನ ಒಂದು ಸೇವೆಯ ಪುಟ ತೋರಿಸಿ. ಜಗಳ ಆಡುವುದಕ್ಕೆ ಅಲ್ಲಿ ಏನೂ ಇಲ್ಲ. ಮಾಹಿತಿ ಸರಿ ಇದೆಯಾ ಇಲ್ಲವಾ ಅಷ್ಟೆ. ಆ ಪುಟದಲ್ಲೇ ಅಕ್ಷರದ ಗಾತ್ರ, ಬಣ್ಣ, ಬಟನ್ನು, ಫಾರ್ಮ್ ಎಲ್ಲ ಒಪ್ಪಿಗೆ ಆಗಿಬಿಡುತ್ತದೆ. ಒಳಗಿನ ಪುಟಗಳು ಮುಗಿಯುವ ಹೊತ್ತಿಗೆ ಹೋಮ್ ಪೇಜ್‌ನಲ್ಲಿ ಏನಿರಬೇಕು ಅನ್ನುವುದು ತಾನಾಗಿಯೇ ಗೊತ್ತಾಗಿರುತ್ತದೆ.

ಅಭಿಪ್ರಾಯ ಕೇಳುವ ರೀತಿಯೂ ಮುಖ್ಯ. "ಹೇಗಿದೆ ನೋಡಿ ಹೇಳಿ" ಅಂದರೆ "ಸ್ವಲ್ಪ ಪಾಪ್ ಆಗ್ಬೇಕು" ಅನ್ನುವ ಉತ್ತರ ಬರುತ್ತದೆ. ಪಾಪ್ ಅಂದರೆ ಏನು ಅಂತ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಈಗ ನಾನು ಕೇಳುವುದೇ ಬೇರೆ. ಈ ಪುಟದಲ್ಲಿ ತಪ್ಪು ಮಾಹಿತಿ ಏನಾದರೂ ಇದೆಯಾ? ನಿಮ್ಮ ಫೋನಿನಲ್ಲಿ ತೆರೆದು, ನಮ್ಮನ್ನು ಸಂಪರ್ಕಿಸುವ ಬಟನ್ ಹುಡುಕಿ. ಸಿಕ್ಕಿತಾ? ಉತ್ತರ ಒಬ್ಬರಿಂದಲೇ ಬರಬೇಕು, ಒಂದೇ ಕಡೆ ಬರಬೇಕು. ಮೂರು ಜನ ಮಾತಾಡಿಕೊಂಡು ಒಬ್ಬರು ಬರೆಯಲಿ. ವಾಯ್ಸ್ ಮೆಸೇಜ್ ಬೇಡ. ಆರು ನಿಮಿಷದ ವಾಯ್ಸ್ ಮೆಸೇಜ್‌ನಲ್ಲಿ ಆ ಒಂದು ಫೋನ್ ನಂಬರ್ ಎಲ್ಲಿದೆ ಅಂತ ಹುಡುಕಿದವರಿಗೆ ಗೊತ್ತು ಕಷ್ಟ.

ಸ್ಕ್ರೀನ್‌ಶಾಟ್ ಕೇಳಿ. ಇದಕ್ಕೆ ನನ್ನದೇ ಕಥೆ ಇದೆ. ಒಬ್ಬರು ಲೋಗೋ ಚಿಕ್ಕದಾಯಿತು ಅಂದರು. ದೊಡ್ಡದು ಮಾಡಿದೆ. ಇನ್ನೂ ಚಿಕ್ಕದು ಅಂದರು. ಮತ್ತೆ ದೊಡ್ಡದು ಮಾಡಿದೆ. ಮೂರನೇ ಸಲ ಅದು ನನ್ನ ಸ್ಕ್ರೀನ್‌ನಲ್ಲಿ ಬೋರ್ಡಿನ ಹಾಗೆ ಕಾಣುತ್ತಿತ್ತು. ಕೊನೆಗೆ ಸ್ಕ್ರೀನ್‌ಶಾಟ್ ತರಿಸಿಕೊಂಡೆ. ಅವರ ಬ್ರೌಸರ್‌ನ ಜೂಮ್ ಶೇಕಡಾ 67ರಲ್ಲಿ ಇತ್ತು. ಯಾವಾಗಲೋ ಕೈ ತಾಗಿ ಆಗಿದ್ದು. ಒಂದು ವಾರ ಹೋಗಿತ್ತು.

"ನೀವು ಬದಲಾಯಿಸಿಲ್ಲ" ಅನ್ನುವ ಮಾತಿಗೂ ಮದ್ದು ಇದೆ. ಎಷ್ಟೋ ಸಲ ಅವರ ಬ್ರೌಸರ್ ಹಳೇ ಸಿಎಸ್‌ಎಸ್ ಫೈಲನ್ನೇ ಇಟ್ಟುಕೊಂಡಿರುತ್ತದೆ. ಪ್ರತಿ ಬದಲಾವಣೆಗೂ ಫೈಲ್‌ನ ಹೆಸರಿನ ಜೊತೆ ಒಂದು ವರ್ಶನ್ ನಂಬರ್ ತಾನಾಗಿ ಬದಲಾಗುವ ಹಾಗೆ ಮಾಡಿಡಿ. ಹೀಗೆ ಹಳೇದನ್ನು ಇಟ್ಟುಕೊಳ್ಳುವ ಕ್ಯಾಶ್ ಅಂದರೇನು ಅಂತ ಫೋನಿನಲ್ಲಿ ವಿವರಿಸುವುದು ತಪ್ಪುತ್ತದೆ.

ಇನ್ನು "ಹಿಂದಿನದೇ ಚೆನ್ನಾಗಿತ್ತು" ಅನ್ನುವವರು. ಅವರಿಗೆ ಗಿಟ್, ಅಂದರೆ ಫೈಲ್‌ಗಳ ಒಂದೊಂದು ಹಂತವನ್ನೂ ಉಳಿಸಿಡುವ ಟೂಲ್. ಲಿನಸ್ ಟೊರ್ವಾಲ್ಡ್ಸ್ ಅದನ್ನು 2005ರಲ್ಲಿ ಶುರು ಮಾಡಿದ್ದು ಲಿನಕ್ಸ್ ಕರ್ನಲ್‌ನಂಥ ದೈತ್ಯ ಕೆಲಸಕ್ಕೆ. ನಮ್ಮ ಆರು ಪುಟಕ್ಕೆ ಅದು ಜಾಸ್ತಿ ಆಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಕೆಲಸದಲ್ಲಿ ಹಿಂದಕ್ಕೆ ಹೋಗುವುದೇ ಜಾಸ್ತಿ ಅಲ್ವಾ? ಹೋದ ಮಂಗಳವಾರದ ರೂಪಕ್ಕೆ ಒಂದು ನಿಮಿಷದಲ್ಲಿ ವಾಪಸ್ ಹೋಗಬಹುದು.

ನನ್ನ ಕಿಟ್, ನನ್ನ ಹುಚ್ಚು

ಪ್ರತಿ ಸಲ ಶುರುವಿನಿಂದ ಮಾಡುವುದೇಕೆ, ನನ್ನದೇ ಒಂದು ಸಿದ್ಧ ಕಿಟ್ ಮಾಡಿಕೊಳ್ಳೋಣ ಅಂತ ಒಂದು ಸಲ ಕೂತೆ. ಮೂರು ವಾರ ಮಾಡಿದೆ. ಹನ್ನೆರಡು ತರದ ಬಟನ್, ನಾಲ್ಕು ತರದ ಮೆನು, ಡಾರ್ಕ್ ಮೋಡ್. ಆ ಹನ್ನೆರಡರಲ್ಲಿ ಇವತ್ತಿನವರೆಗೆ ಬಳಸಿದ್ದು ಎರಡು ಬಟನ್. ಡಾರ್ಕ್ ಮೋಡ್ ಯಾವ ಕ್ಲೈಂಟೂ ಕೇಳಲಿಲ್ಲ. ಟೈಮ್ ಉಳಿಸುವ ಹೆಸರಿನಲ್ಲಿ ಮೂರು ವಾರ ಕೈಯಾರೆ ಚೆಲ್ಲಿದ್ದೆ.

ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಂದೇ ವಸ್ತು ಮೂರನೇ ಸಲ ಬೇಕಾದಾಗ ಮಾತ್ರ ಅದು ಕಿಟ್‌ಗೆ ಹೋಗುತ್ತದೆ. ಹಾಗಾಗಿ ಈಗ ಅದರಲ್ಲಿ ಇರುವುದೆಲ್ಲ ಬೋರು ಹೊಡೆಸುವ ವಸ್ತುಗಳು. 404 ಪುಟ, ಅಂದರೆ ಕೇಳಿದ ವಿಳಾಸ ಸಿಗದಾಗ ಬರುವ ಪುಟ. ಬ್ರೌಸರ್ ಟ್ಯಾಬ್‌ನಲ್ಲಿ ಕಾಣುವ ಪುಟ್ಟ ಚಿತ್ರದ, ಅಂದರೆ ಫೆವಿಕಾನ್‌ನ, ಜಾಗ. ಲಿಂಕ್ ಹಂಚಿಕೊಂಡಾಗ ಚಿತ್ರ ಕಾಣಿಸುವ ಟ್ಯಾಗ್‌ಗಳು. ಕಾಂಟ್ಯಾಕ್ಟ್ ಫಾರ್ಮ್, ಅದರೊಳಗೆ ಮನುಷ್ಯರಿಗೆ ಕಾಣದ ಒಂದು ಖಾನೆ. ಸ್ಪ್ಯಾಮ್ ಬಾಟ್‌ಗಳು ಅದನ್ನೂ ತುಂಬುತ್ತವೆ. ತುಂಬಿ ಬಂದರೆ ಎಸೆದುಬಿಡುವುದು. ಬಣ್ಣ, ಅಕ್ಷರದ ಗಾತ್ರ ಎಲ್ಲ ಸಿಎಸ್‌ಎಸ್ ವೇರಿಯಬಲ್‌ಗಳಲ್ಲಿ. "ನೀಲಿ ಸ್ವಲ್ಪ ಗಾಢ ಆಗಲಿ" ಅಂದರೆ ಒಂದು ಸಾಲು ತಿದ್ದಿದರೆ ಇಡೀ ಸೈಟ್ ಬದಲಾಗುತ್ತದೆ.

ಎಐ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಬಳಸುತ್ತೇನೆ. ನಾನೇ ಬರೆಯಬಲ್ಲ ಕೋಡನ್ನು ಅದರಿಂದ ಬರೆಸಿದರೆ ಟೈಮ್ ಉಳಿಯುತ್ತದೆ, ಯಾಕೆಂದರೆ ಓದಿದ ಕೂಡಲೇ ತಪ್ಪು ಗೊತ್ತಾಗುತ್ತದೆ. ನನಗೆ ಗೊತ್ತಿಲ್ಲದ್ದನ್ನು ಬರೆಸಿದಾಗ ಉಳಿದದ್ದನ್ನೆಲ್ಲ ಆಮೇಲೆ ಬಡ್ಡಿ ಸಮೇತ ಕಟ್ಟಿದ್ದೇನೆ.

ಲೈವ್ ಮಾಡುವ ದಿನ

ಒಂದು ಶುಕ್ರವಾರ ಸಂಜೆ. ಸೈಟ್ ಸಿದ್ಧ. ಡೊಮೈನ್‌ನ ದಾಖಲೆಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್‌ಗಳನ್ನು ಹೊಸ ಹೋಸ್ಟಿಂಗ್‌ಗೆ (ಸೈಟ್ ಇಡುವ ಹೊಸ ಜಾಗಕ್ಕೆ) ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಹೊಸ ಸೈಟ್ ಬಂತು. ಖುಷಿಯಿಂದ ಲ್ಯಾಪ್‌ಟಾಪ್ ಮುಚ್ಚಿದೆ.

ಸೋಮವಾರ ಬೆಳಗ್ಗೆ ಫೋನ್. "ಎರಡು ದಿನದಿಂದ ಒಂದು ಮೇಲೂ ಬಂದಿಲ್ಲ." ನಾನು ನೇಮ್‌ಸರ್ವರ್ ಬದಲಾಯಿಸಿದಾಗ ಡೊಮೈನ್‌ನ ಸೈಟ್ ಎಲ್ಲಿ, ಮೇಲ್ ಎಲ್ಲಿ ಅಂತ ಹೇಳುವ, ಹಳೇ ಜಾಗದಲ್ಲಿದ್ದ ಎಲ್ಲ ಡಿಎನ್‌ಎಸ್ ದಾಖಲೆಗಳೂ ಬಿಟ್ಟುಹೋಗಿದ್ದವು. ಅದರಲ್ಲಿ ಎಮ್‌ಎಕ್ಸ್ ದಾಖಲೆಯೂ ಒಂದು. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವುದೇ ಅದು. ಕೆಲವು ಮೇಲ್‌ಗಳು ಕಳಿಸಿದವರಿಗೇ ವಾಪಸ್ ಹೋಗಿದ್ದವು. ಅವತ್ತು ಇಡೀ ದಿನ ಕ್ಷಮೆ ಕೇಳುವುದರಲ್ಲೇ ಕಳೆಯಿತು. ಅದಕ್ಕೆ ಬಿಲ್ ಹಾಕೋಕೂ ಆಗುವುದಿಲ್ಲ.

ಈಗ ನಾನು ನೇಮ್‌ಸರ್ವರ್ ಮುಟ್ಟುವುದೇ ಕಡಿಮೆ. ಸೈಟ್‌ನ ವಿಳಾಸ ಹೇಳುವ ಎ ದಾಖಲೆಯನ್ನು ಮಾತ್ರ ಬದಲಾಯಿಸುತ್ತೇನೆ. ಮುಟ್ಟುವ ಮುಂಚೆ ಇರುವ ಎಲ್ಲ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ. ಇನ್ನೊಂದು, ಟಿಟಿಎಲ್ ನೋಡಿ. ಈ ವಿಳಾಸವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅಂತ ಅದು ಹೇಳುತ್ತದೆ. ಅಲ್ಲಿ 86400 ಅಂತ ಇದ್ದರೆ ಇಡೀ ಒಂದು ದಿನ. ಅಂದರೆ ನೀವು ಬದಲಾಯಿಸಿದ ಮೇಲೂ ಕೆಲವರಿಗೆ ನಾಳೆವರೆಗೆ ಹಳೇ ಸೈಟೇ ಕಾಣಬಹುದು. ಒಂದೆರಡು ದಿನ ಮುಂಚೆಯೇ ಅದನ್ನು 300ಕ್ಕೆ ಇಳಿಸಿ. ಆಗ ಐದು ನಿಮಿಷದ ಮಾತು. ಏನಾದರೂ ಕೆಟ್ಟರೂ ಐದು ನಿಮಿಷದಲ್ಲಿ ಹಿಂದಕ್ಕೆ ಬರಬಹುದು. ಮತ್ತೆ, ಶುಕ್ರವಾರ ಬೇಡ.

ಕಾಂಟ್ಯಾಕ್ಟ್ ಫಾರ್ಮ್‌ನಿಂದ ಮೇಲ್ ಬರುತ್ತಿಲ್ಲ ಅನ್ನುವ ದೂರು ಎಲ್ಲರಿಗೂ ಬರುತ್ತದೆ. ಎಷ್ಟೋ ಸಲ ಕಾರಣ ಒಂದೇ. ಫಾರ್ಮ್ ತುಂಬಿದವರ ವಿಳಾಸವನ್ನೇ "ಇಂದ" ಅನ್ನುವ ಜಾಗದಲ್ಲಿ ಹಾಕಿರುತ್ತೇವೆ. ಅವರ ಹೆಸರಿನಲ್ಲಿ ನಮ್ಮ ಸರ್ವರ್ ಮೇಲ್ ಕಳಿಸಿದರೆ ಅದು ಸುಳ್ಳು ಸಹಿ ಹಾಕಿದ ಹಾಗೆ. ಮೇಲ್ ಕಂಪನಿಗಳು ಸ್ಪ್ಯಾಮ್‌ಗೆ ತಳ್ಳುತ್ತವೆ, ಇಲ್ಲವೇ ತೆಗೆದುಕೊಳ್ಳುವುದೇ ಇಲ್ಲ. "ಇಂದ" ಜಾಗದಲ್ಲಿ ಸೈಟಿನದೇ ಡೊಮೈನ್‌ನ ವಿಳಾಸ ಇರಲಿ. ಫಾರ್ಮ್ ತುಂಬಿದವರದ್ದು ರಿಪ್ಲೈ-ಟು, ಅಂದರೆ ಉತ್ತರ ಹೋಗುವ ವಿಳಾಸದ, ಜಾಗದಲ್ಲಿ.

ಸೈಟ್ ಕಟ್ಟಲು ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳಿಗೆ ಬರಬೇಡಿ ಅನ್ನುವ ಒಂದು ಟಿಕ್ ಇದೆ. ಕೆಲಸ ನಡೆಯುವಾಗ ಹಾಕಿರುತ್ತೇವೆ. ತೆಗೆಯೋಕೆ ಮರೆಯುತ್ತೇವೆ. ಎರಡು ತಿಂಗಳಾದ ಮೇಲೆ "ಗೂಗಲ್‌ನಲ್ಲಿ ನಮ್ಮ ಸೈಟ್ ಸಿಗ್ತಾನೇ ಇಲ್ಲ" ಅಂತ ಫೋನ್ ಬರುತ್ತದೆ. ಹಳೇ ಪುಟಗಳ ವಿಳಾಸ ಬದಲಾಗಿದ್ದರೆ ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕುವುದೂ ಅವತ್ತೇ ಆಗಬೇಕು. ಇವೆಲ್ಲ ನನಗೆ ನೆನಪಿರುತ್ತವೆ ಅಂತ ನಂಬಿಕೊಳ್ಳುವುದಿಲ್ಲ. ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಟಿಕ್ ಹಾಕುತ್ತೇನೆ.

ಕೊಟ್ಟ ಮೇಲೆ ಬರುವ ಫೋನ್‌ಗಳಿಗೆ ನನ್ನ ಉಪಾಯ ಸಣ್ಣ ವಿಡಿಯೋಗಳು. ಹೊಸ ಫೋಟೋ ಹಾಕುವುದು ಹೇಗೆ, ಮೂರು ನಿಮಿಷ. ಫೋನ್ ನಂಬರ್ ಬದಲಾಯಿಸುವುದು ಹೇಗೆ, ಎರಡು ನಿಮಿಷ. ಅವರದೇ ಸೈಟ್‌ನಲ್ಲಿ ಮಾಡಿ ತೋರಿಸಿ ಸ್ಕ್ರೀನ್ ರೆಕಾರ್ಡ್ ಮಾಡುತ್ತೇನೆ. ಮೊದಲು ನಲವತ್ತು ಪುಟದ ಕೈಪಿಡಿ ಬರೆದು ಕೊಡುತ್ತಿದ್ದೆ. ಅದನ್ನು ಓದಿದವರು ನಾನೊಬ್ಬನೇ.

ಸಭಿಕರ ಪ್ರಶ್ನೆಗಳು

"ಪೇಜ್ ಬಿಲ್ಡರ್ ಒಳ್ಳೆಯದಾ, ಸ್ವಂತ ಕೋಡ್ ಒಳ್ಳೆಯದಾ?" ಪೇಜ್ ಬಿಲ್ಡರ್ ಅಂದರೆ ಕೋಡ್ ಬರೆಯದೆ ಎಳೆದು ಜೋಡಿಸಿ ಪುಟ ಮಾಡುವ ಟೂಲ್. ಯಾವುದು ಒಳ್ಳೆಯದು ಅನ್ನುವುದು ಆಮೇಲೆ ಆ ಸೈಟನ್ನು ಯಾರು ತಿದ್ದುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಕ್ಲೈಂಟ್ ವಾರಕ್ಕೊಮ್ಮೆ ಏನಾದರೂ ಬದಲಾಯಿಸುವವರಾದರೆ, ಅವರ ಕೈಗೆ ಒಗ್ಗುವುದನ್ನೇ ಕೊಡಿ. ವರ್ಷಕ್ಕೊಮ್ಮೆ ಮುಟ್ಟುವವರಾದರೆ ಸಾದಾ ಎಚ್‌ಟಿಎಮ್‌ಎಲ್ ಸಾಕು. ಅಪ್‌ಡೇಟ್ ಮಾಡೋಕೆ ಪ್ಲಗಿನ್ನೇ (ಹೊರಗಿನಿಂದ ಸೇರಿಸುವ ಸಾಫ್ಟ್‌ವೇರ್ ತುಣುಕೇ) ಇರುವುದಿಲ್ಲ.

"ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ತೀನಿ. ಬೇಗ ಮುಗಿಸಿದರೆ ನನಗೇ ನಷ್ಟ ಅಲ್ವಾ?" ಹೌದು, ನಷ್ಟ. ಅದಕ್ಕೇ ನಾನು ಕೆಲಸಕ್ಕೆ ಇಷ್ಟು ಅಂತ ಹೇಳುತ್ತೇನೆ. ಗಂಟೆ ಲೆಕ್ಕವನ್ನು ಆಮೇಲಿನ ಸಣ್ಣಪುಟ್ಟ ಬದಲಾವಣೆಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

"ಕ್ಲೈಂಟ್ ಮೂರು ತಿಂಗಳು ಸುಮ್ಮನಾಗಿಬಿಟ್ಟರೆ?" ಒಪ್ಪಂದದಲ್ಲಿ ಒಂದು ಸಾಲು ಹಾಕಿ. ಮೂವತ್ತು ದಿನ ಉತ್ತರ ಬಾರದಿದ್ದರೆ ಕೆಲಸ ನಿಲ್ಲುತ್ತದೆ, ಮತ್ತೆ ಶುರು ಮಾಡುವುದು ನನ್ನ ಮುಂದಿನ ಖಾಲಿ ವಾರದಲ್ಲಿ. ಅಲ್ಲಿಯವರೆಗೆ ಮಾಡಿದ ಕೆಲಸದ ದುಡ್ಡು ಆಗಲೇ ಬರಬೇಕು. ಬೈಗುಳ ಬೇಡ, ಬೇಸರ ಬೇಡ, ಆ ಸಾಲನ್ನು ತೋರಿಸಿದರೆ ಆಯಿತು.

ಶುರುವಿನಲ್ಲಿ ಹೇಳಿದ ಹನ್ನೊಂದು ವಾರದ ಕ್ಲೈಂಟ್ ಹೋದ ವರ್ಷ ಮತ್ತೆ ಬಂದಿದ್ದರು, ಸೈಟ್ ಹೊಸದು ಮಾಡಿಸಬೇಕು ಅಂತ. ಮೊದಲ ದಿನವೇ ಡೊಮೈನ್ ಲಾಗಿನ್ ಕೇಳಿದೆ. ಅದು ಬರೋಕೆ ಒಂಬತ್ತು ದಿನ ಆಯಿತು. ಆ ಒಂಬತ್ತು ದಿನದಲ್ಲಿ ಅವರ ಆರು ಪುಟದ ಬರಹ ಬರೆದು ಮುಗಿಸಿದ್ದೆ.